ಹಗೇವಿನ ಬಾಯಿ

ಯುದ್ಧದ ಕಾಲ. ಕಲ್ಲೂರಿಗೆ ಎರಡು ವರ್ಷದಿಂದ ನೆಟ್ಟಗೆ ಮಳೆಯಾಗಿರಲಿಲ್ಲ. ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ರಾಯಚೂರಿನ ಅರಳೆ ಗಿರಣಿಗಳ ದಾರಿ ಹಿಡಿದಿತ್ತು. ಹುಲಗೆಮ್ಮ ಮಾತ್ರ ಜಗ್ಗಲಿಲ್ಲ. ಅವಳ ಅಂಗಳದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಬೀಜದ ಜೋಳ ಇತ್ತು. ಬೀಜ ಇಟ್ಟುಕೊಂಡವರು ಊರು ಬಿಡುವುದೆಂದರೇನು ಎಂಬುದು ಅವಳ ಹಟ.

ಗಂಡ ಯಮನೂರಪ್ಪ ವಾದಿಸಿ ಸೋತು, ದೇವದುರ್ಗದ ಕಡೆ ರಸ್ತೆಗೆ ಜಲ್ಲಿ ಒಡೆಯಲು ಹೊರಟ.

"ಹಗೇವು ಮುಟ್ಟಬ್ಯಾಡ. ಮಳಿ ಬಂದ್ರ ಓಡಿ ಬರ್ತೀನಿ" ಎಂದ.

ಅದನ್ನು ಅವಳಿಗೆ ಹೇಳಬೇಕಿರಲಿಲ್ಲ. ಹಗೇವನ್ನು ಒಮ್ಮೆ ತೆರೆದರೆ ಒಂದೇ ಸಲಕ್ಕೆ ಬರಿದು ಮಾಡುವುದು ಆ ಸೀಮೆಯ ರೂಢಿ. ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಹೇರಿ, ನಾಲ್ಕಾರು ಗಂಡಾಳು ತುಳಿದು ಗಟ್ಟಿ ಮಾಡಿದರೆ ಮಾತ್ರ ಒಳಗೆ ನೀರು ಇಳಿಯದು. ತುಳಿಯುವ ಆಳುಗಳೆಲ್ಲ ಈಗ ರಾಯಚೂರಿನಲ್ಲಿದ್ದರು.

ಹುಲಗೆಮ್ಮ ಹೊಲದ ಬದುಗಳಲ್ಲಿ ಇರುವೆ ಗೂಡು ಅಗೆದು, ಅವು ಕೂಡಿಟ್ಟ ಹುಲ್ಲಿನ ಬೀಜ ಕೇರಿ ಅಂಬಲಿ ಕಾಯಿಸಿದಳು. ಇರುವೆಯ ಮನೆ ದೋಚಿದ್ದಕ್ಕೆ ಅವಳಿಗೇನೂ ನಾಚಿಕೆಯಾಗಲಿಲ್ಲ. ಗೂಡುಗಳೂ ಬರಿದಾದಾಗ ಭಯವಾಯಿತು. ಮೂರು ವರ್ಷದ ಮಗಳು ದುರುಗಿ ಅಳುವುದನ್ನೇ ಬಿಟ್ಟಿದ್ದಳು. ಅಳದ ಕೂಸನ್ನು ಮಡಿಲಲ್ಲಿಟ್ಟುಕೊಂಡವಳಿಗೆ ಯಾವ ರೂಢಿ? ಚಪ್ಪಡಿ ಸರಿಸಿ, ಉಡಿಯಲ್ಲಿ ಒಂದಿಷ್ಟು ಜೋಳ ತುಂಬಿಕೊಂಡು, ಮತ್ತೆ ಮಣ್ಣು ಎಳೆದು ಒಬ್ಬಳೇ ತುಳಿದಳು. ಆಮೇಲೆ ಇನ್ನೊಮ್ಮೆ ತೆಗೆದಳು, ಮತ್ತೊಮ್ಮೆ ತೆಗೆದಳು. ಕೂಸು ಅತ್ತಿತು, ಬದುಕಿತು. ಉಳಿದದ್ದು ಬಿತ್ತಲು ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೊನೆಗೂ ಹಿಂಗಾರಿನ ಮಳೆ ಬಂತು, ಹಗಲೂ ರಾತ್ರಿ ಬಿಡದೆ ಹೊಡೆಯಿತು. ಹುಲಗೆಮ್ಮ ಮಗಳನ್ನೆತ್ತಿಕೊಂಡು ಅಂಗಳದಲ್ಲಿ ನಿಂತು ತೋಯಿಸಿಕೊಂಡಳು, ನಕ್ಕಳು.

ಮಳೆ ನಿಂತ ಬೆಳಿಗ್ಗೆ, ರಸ್ತೆ ಕೆಲಸ ಬಿಟ್ಟು ಓಡಿ ಬಂದ ಯಮನೂರಪ್ಪ ಬಾಗಲವಾಡದ ಅಕ್ಕನ ಮನೆಯಿಂದ ಎತ್ತು ಕೇಳಿ ತಂದ. "ಹಸಿ ಆರೂದ್ರೊಳಗ ಬಿತ್ತಬೇಕು" ಎನ್ನುತ್ತ ಚಪ್ಪಡಿ ಎತ್ತಿದ. ಹುಳಿ ನಾತ ಮುಖಕ್ಕೆ ಬಡಿಯಿತು. ನೀರಿಳಿದು ಕಾಳೆಲ್ಲ ಉಬ್ಬಿ, ಮುಗ್ಗಿ, ಮುದ್ದೆಯಾಗಿತ್ತು.

ಅವನು ಬಾಯಿಯ ಸುತ್ತಲಿನ ಸಡಿಲ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದ. "ಯಾರು ತಗದ್ರು?"

"ನಾನ ತಗದೀನಿ. ಕೂಸು ಸಾಯಾಕತ್ತಿತ್ತು."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಮಗಳ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟ. ಊರೆಲ್ಲ ಬೀಜಕ್ಕೆ ತತ್ವಾರ. ಇದ್ದವರು ಅದನ್ನು ತಮ್ಮ ಹೊಲಕ್ಕೆ ಒಯ್ದಿದ್ದರು. ಸುತ್ತಲೂ ಕೂರಿಗೆ ಸಾಗುತ್ತಿರಲು ಇವರ ಹೊಲ ಬಿತ್ತದೆ ಹಾಗೇ ಆರಿಹೋಯಿತು. ಅಕ್ಕನ ಎತ್ತುಗಳನ್ನು ಹಿಂದಕ್ಕೆ ಹೊಡೆದರು.

ರಾಯಚೂರಿನ ಗಿರಣಿಯ ಬಾಗಿಲಲ್ಲಿ ಮೇಸ್ತ್ರಿ ದಸ್ತಗೀರ್ ಸಾಬ್ ಈ ಮೂವರನ್ನು ಮೇಲಿಂದ ಕೆಳಗೆ ನೋಡಿದ. ಗುಳೆ ಬಂದವರೆಲ್ಲ ಊರಿಗೆ ಮರಳುತ್ತಿದ್ದ ದಿನಗಳವು.

"ಎಲ್ಲಾರೂ ವಾಪಸ್ ಹೊಂಟಾರ, ನೀವು ಈಗ ಬಂದೀರಿ. ನಿಮ್ಮ ಕಡಿ ಮಳಿ ಆಗಿಲ್ಲೇನು?"

ಹುಲಗೆಮ್ಮ ಉತ್ತರ ಕೊಟ್ಟಳು.

"ಆಗ್ಯದ್ರೀ. ಅದಕ್ಕ ಬಂದೀವಿ."