ನೆಟ್ಟಗೆ ಬಾರದ ಬೆಸುಗೆ

ಬೆಳಗಿನಿಂದ ಇದು ನಾಲ್ಕನೇ ಅಂಗಡಿ. ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವನಿಗೆ ಒಂದು ವೆಲ್ಡಿಂಗ್ ಮೆಷಿನ್ ಆರಿಸುವುದು ಯಾವ ಮಹಾ ಕೆಲಸ ಅನ್ನಬೇಡಿ. ಅವೆಲ್ಲ ಧಣಿಯ ಮೆಷಿನ್‌ಗಳು. ಸ್ವಂತಕ್ಕೆ ಕೊಳ್ಳುತ್ತಿರುವುದು ಇದೇ ಮೊದಲು. ಅವನ ಬೆಸುಗೆ ಅಷ್ಟು ನೇರವೆಂದು ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸ್ಕೇಲಣ್ಣ ಎನ್ನುತ್ತಿದ್ದರು. ಎರಡು ತಿಂಗಳ ಹಿಂದೆ, ಆರ್ಡರ್ ಇಲ್ಲ ಎಂದು ಮನೆಗೆ ಕಳಿಸಿದರು. ಇನ್ನು ಮನೆ ಮುಂದೆ ಗೇಟು, ಕಿಟಕಿ ಮಾಡಿ ಹೊಟ್ಟೆ ಹೊರೆಯಬೇಕು. ಹೆಂಡತಿ ತನ್ನ ಹೊಲಿಗೆ ಮೆಷಿನ್ ಮಾರಿ ತಂದ ದುಡ್ಡು, ಪಕ್ಕದಲ್ಲೇ ನಿಂತಿದ್ದ ಅವಳ ಚೀಲದಲ್ಲಿತ್ತು. ಅದು ನೀರುಪಾಲಾದರೆ ಮಾರಲು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಆ ದುಡ್ಡಿಗೆ ಬರುವುದು ಚಿಕ್ಕದೊಂದು ಹೊಸ ಮೆಷಿನ್, ಇಲ್ಲವೇ ದೊಡ್ಡದೊಂದು ಹಳೇದು. ಅವನು ಎರಡನ್ನೂ ಜಾಲಾಡಿದ. ಕೇಬಲ್ ಹಿಸುಕಿದ, ಫ್ಯಾನಿನ ಸದ್ದಿಗೆ ಕಿವಿಗೊಟ್ಟ, ಮನೆಯ ಮೀಟರ್ ತಡೆಯುತ್ತದೆಯೇ ಎಂದು ಮೂರು ಸಲ ಕೇಳಿದ. ಆಮೇಲೆ ಕಪ್ಪು ಗಾಜಿನ ಶೀಲ್ಡ್ ಹಿಡಿದು, ಹೊಸದರಲ್ಲಿ ಎರಡು ಪ್ಲೇಟು ಜೋಡಿಸಿ ಬೆಸುಗೆ ಹಾಕಿದ. ಮೇಲೆ ಹೆಪ್ಪುಗಟ್ಟಿದ್ದ ಕರಿ ಕಿಟ್ಟ ಕುಟ್ಟಿ ತೆಗೆದರೆ, ಬೆಸುಗೆ ಸಂದು ಬಿಟ್ಟು ಪಕ್ಕಕ್ಕೆ ಹರಿದಿತ್ತು.

"ಇದ್ರಲ್ಲಿ ಕರೆಂಟೇ ನಿಲ್ತಿಲ್ಲ," ಎಂದ.

ಹಳೇದರಲ್ಲೂ ಅದೇ ಕಥೆ. ಆಗ ರಾಡು ತೇವ ಹಿಡಿದಿದೆ ಎಂದ, ಪ್ಲೇಟಿಗೆ ತುಕ್ಕು ಎಂದ. ತಪ್ಪು ಹೊರಿಸುವುದರಲ್ಲಿ ಮಾತ್ರ ಅವನ ಕೈ ಇನ್ನೂ ಪಳಗಿತ್ತು. ಒಂದೇ ವರ್ಷದಲ್ಲಿ ಮೂರು ಕನ್ನಡಕ ಬದಲಾಗಿದ್ದವು; ಆಗಲೂ ಕನ್ನಡಕದವನಿಗೇ ಬೈದಿದ್ದ.

"ಒಂದ್ನಿಮಿಷ ಕೊಡಿ ಅಣ್ಣಾ," ಎಂದು ಅಂಗಡಿಯವನು ಹೋಲ್ಡರ್ ತೆಗೆದುಕೊಂಡ. ಅದೇ ಹೊಸ ಮೆಷಿನ್, ಅದೇ ರಾಡು, ಅದೇ ಪ್ಲೇಟು. ಕಿಟ್ಟ ಸಲೀಸಾಗಿ ಎದ್ದು ಬಂತು, ಕೆಳಗೆ ಬೆಸುಗೆ ನೆಟ್ಟಗಿತ್ತು. ಪುಣ್ಯಾತ್ಮ ನೀರು ತರುವ ನೆಪದಲ್ಲಿ ಒಳಗೆ ಹೋದ.

ಸ್ಕೇಲಣ್ಣ ಪ್ಲೇಟಿನ ಹತ್ತಿರ ಮುಖ ಒಯ್ದ. ಇನ್ನೂ ಹತ್ತಿರ, ಬಿಸಿ ಕೆನ್ನೆಗೆ ತಾಕುವಷ್ಟು. ಆರ್ಡರ್ ಇಲ್ಲ ಎಂದವರು ಇಡೀ ಕಾರ್ಖಾನೆಯಿಂದ ಅವನೊಬ್ಬನನ್ನೇ ಮನೆಗೆ ಕಳಿಸಿದ್ದರು. ಯಾಕೆಂದು ಅವನಿಗೆ ಈಗ ಹೊಳೆಯಿತು.

"ಮೆಷಿನ್ ಅಲ್ಲ ಕಣೇ," ಎಂದ ಹೆಂಡತಿಗೆ. "ನಂಗೆ ಸಂದೇ ಕಾಣ್ತಿಲ್ಲ."

"ಗೊತ್ತು ರೀ. ನಿಮಗೆ ಕಣ್ಣು ಕಾಣ್ತಿಲ್ಲ ಅಂತ, ಕೆಲಸದಿಂದ ಕಳಿಸಿದ ದಿನಾನೇ ಸೂಪರ್‌ವೈಸರ್ ನಂಗೆ ಹೇಳಿದ್ರು."

"ಗೊತ್ತಿದ್ದೂ ಹೊಲಿಗೆ ಮೆಷಿನ್ ಮಾರಿದ್ಯಾ?" ಎಂದ. "ಹುಚ್ಚು ಗಿಚ್ಚು ಹಿಡಿದಿದ್ಯಾ ನಿಂಗೆ?"

ಅವಳಿಗೆ ಅಳು ತಡೆಯಲಾಗಲಿಲ್ಲ.

"ಅವರ ಮಾತು ಸುಳ್ಳಾಗ್ಲಿ ಅಂತ ಮಾರಿದೆ. ಒಂದೊಂದು ಅಂಗಡೀಲೂ ನೀವು ಕಿಟ್ಟ ಕುಟ್ಟುವಾಗ, ಈ ಸಲ ನೆಟ್ಟಗೆ ಬಂದಿರತ್ತೆ, ಈ ಸಲ ಬಂದಿರತ್ತೆ ಅಂತ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೆ ರೀ."