ಜಗಳಗಂಟಿಯ ಮರಿಗಳು

ಅಣ್ಣ ಮರಿಯ ಬಾಲವೆತ್ತಿ ನೋಡಿ, "ಇದಕ್ಕೂ ಭೇದಿ ಇಲ್ಲ," ಎಂದು ಅದನ್ನು ತಾಯಿಹಂದಿಯ ಹೊಟ್ಟೆಯ ಬಳಿ ಬಿಟ್ಟ. ಮರಿ ಒಡಹುಟ್ಟಿದವುಗಳನ್ನು ತುಳಿದುಕೊಂಡು ಮೊಲೆಗೆ ನುಗ್ಗಿತು. ತಂಗಿಗೆ ಖುಷಿಯಾಗಬೇಕಿತ್ತು. ಆದರೆ ಅದು ಶೆಡ್ಡಿನ ಬಲಸಾಲಿನ ಮರಿ. ಬಲಸಾಲಿನ ತಾಯಂದಿರಿಗೆ ಜಿಂಕ್ ಪುಡಿ ಹಾಕಲೇಬಾರದೆಂದು ಹೇಳಿದ್ದವಳು ಅವಳೇ.

ಹಿಂದಿನ ಎರಡು ಸೂಲಿನ ಮರಿಗಳು ಭೇದಿ ಹತ್ತಿ, ಚಕ್ಕಳವಾಗಿ ಸತ್ತಿದ್ದವು. ಶೆಡ್ಡು ಮುಚ್ಚುತ್ತೇನೆಂದು ಹೊರಟ ಅಣ್ಣನನ್ನು ತಡೆದದ್ದು, ಮನೆಯಲ್ಲಿ ಯಾರೆದುರೂ ದನಿ ಎತ್ತದ ಈ ತಂಗಿ. ಗಬ್ಬವಾಗಿದ್ದಾಗಲೇ ತಾಯಿಗೆ ಜಿಂಕ್ ಸಿಕ್ಕರೆ ಮರಿಯ ಕರುಳು ಗಟ್ಟಿಯಾಗಬಹುದು ಎಂದು ಕಾಲೇಜಿನಲ್ಲಿ ಓದಿದ್ದಳು. ಎಡಸಾಲಿಗೆ ಹಾಕೋಣ, ಬಲಸಾಲಿಗೆ ಬೇಡ, ವ್ಯತ್ಯಾಸ ಕಂಡರೆ ಶೆಡ್ಡು ಉಳಿಯಲಿ ಎಂದು ಮಾತಾಗಿತ್ತು.

"ಏನಮ್ಮ ಪಂಡಿತೆ? ಪುಡಿ ತಿಂದವರೂ ಚೆನ್ನಾಗಿದಾರೆ, ತಿನ್ನದವರೂ ಚೆನ್ನಾಗಿದಾರೆ. ಈ ಸಲ ನಮ್ಮ ಗ್ರಹಚಾರ ನೆಟ್ಟಗಿತ್ತು, ಅಷ್ಟೆ. ಮತ್ತೆ ಗುಂಡಿ ತೋಡಿ ಹೂಳೋದು ನನ್ನ ಕೈಲಾಗಲ್ಲ. ಮರಿ ಮೈತುಂಬಿಕೊಂಡಿರುವಾಗಲೇ ತಾಯಿ ಸಮೇತ ಕೊಟ್ಟುಬಿಡ್ತೀನಿ. ಲಾರಿ ಬರ್ತಾ ಇದೆ."

ಅವನು ಗೇಟು ತೆಗೆಯಲು ಹೋದ. ಹಂದಿಗಳಿಗೆ ದಿನವೂ ಆಹಾರ ಹಾಕುವ ಅತ್ತಿಗೆ, ಆಗಲೇ ತೊಳೆದಿದ್ದ ಬಕೆಟ್ಟನ್ನು ಇನ್ನೊಮ್ಮೆ ತಿಕ್ಕುತ್ತಿದ್ದಳು.

ತಂಗಿ ಹಿಟ್ಟಿನ ಕೋಣೆಗೆ ಹೋಗಿ, ಇನ್ನು ಬೇಡವಾದ ಪುಡಿಯ ಡಬ್ಬವನ್ನು ಎತ್ತಿದಳು. ಅರ್ಧ ತುಂಬಿರಬೇಕಾಗಿದ್ದ ಡಬ್ಬ ಹಗುರವಾಗಿ ಮೇಲೆದ್ದು ಬಂತು.

"ಅತ್ತಿಗೆ, ಡಬ್ಬ ಖಾಲಿ."

"ಇಲಿ ತಿಂದಿರ್ಬೇಕು."

"ಮುಚ್ಚಳ ತೆಗೆದು, ತಿಂದು, ಮತ್ತೆ ಮುಚ್ಚಿಡೋ ಇಲಿನಾ?"

ಅತ್ತಿಗೆಗೆ ನಗು ಬಂತು, ಅದರ ಹಿಂದೆಯೇ ಅಳುವೂ. "ನಿಮ್ಮಣ್ಣಂಗೆ ಹೇಳ್ಬೇಡ ಕಣೇ. ಎರಡು ಸಾಲೂ ಬಸುರಿಯರೇ. ಒಂದು ಸಾಲಿಗೆ ಬಡಿಸ್ತಿದ್ರೆ ಇನ್ನೊಂದು ಸಾಲು ಕತ್ತು ಚಾಚಿ ನೋಡ್ತಿತ್ತು. ಪಂಕ್ತಿಭೇದ ಹೇಗೆ ಮಾಡ್ಲಿ?"

"ಎಲ್ಲಕ್ಕೂ ಹಾಕಿದ್ರಾ?"

"ಎಲ್ಲಕ್ಕೂ. ಆ ಜಗಳಗಂಟಿಗೊಂದು ಬಿಟ್ಟು." ಅತ್ತಿಗೆ ತೋಳು ಮೇಲೆ ಮಾಡಿ ಹಲ್ಲಿನ ಗುರುತು ತೋರಿಸಿದಳು. "ಹೀಗೆ ಕಚ್ಚಿದ್ಮೇಲೆ ಅದಕ್ಕೆ ಉಪಚಾರ ಬೇರೆ ಕೇಡು ಅನ್ನಿಸ್ತು."

ಜಗಳಗಂಟಿ ಬಲಸಾಲಿನ ತುದಿಯ ಹಂದಿ. ಎಲ್ಲಕ್ಕಿಂತ ಕೊನೆಗೆ ಮರಿ ಹಾಕಿತ್ತು. ಹತ್ತಿರ ಹೋದರೆ ಮೇಲೇರಿ ಬರುತ್ತಿದ್ದುದರಿಂದ ಅಣ್ಣನೂ ಅದನ್ನು ದೂರದಿಂದಲೇ ನೋಡಿ ಬಿಟ್ಟಿದ್ದ. ತಂಗಿ ಓಡಿಹೋಗಿ ಕಂಬಿಯ ಮೇಲಿಂದ ಬಗ್ಗಿದಳು. ಮರಿಗಳು ಮೊಲೆ ಬಿಟ್ಟು ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿದ್ದವು. ಕೆಳಗಿನ ಹುಲ್ಲು ಹಳದಿ ನೀರಿನಲ್ಲಿ ನೆನೆದಿತ್ತು.

ಹೊರಗೆ ಲಾರಿಯ ಹಾರನ್ ಕೇಳಿಸಿತು.

"ಗೊತ್ತಾದ್ರೆ ನಿಮ್ಮಣ್ಣ ಸುಮ್ನೆ ಬಿಡಲ್ಲ ಕಣೇ," ಎಂದಳು ಹಿಂದೆಯೇ ಬಂದ ಅತ್ತಿಗೆ.

"ಲಾರಿ ಹೋದ್ಮೇಲೆ ಬೈಯೋಕೂ ಏನೂ ಉಳಿಯಲ್ಲ, ಅತ್ತಿಗೆ."

ಅಣ್ಣ ಹಗ್ಗ ಹಿಡಿದು ಒಳಗೆ ಬಂದ. ಅತ್ತಿಗೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿದಳು, ಮತ್ತೆ ಒರೆಸಿದಳು. "ರೀ, ಇಲ್ಲಿ ನೋಡಿ. ಪುಡಿ ಎರಡು ಸಾಲಿಗೂ ಹಾಕಿದ್ದೆ. ಇದೊಂದಕ್ಕೆ ಹಾಕಿರ್ಲಿಲ್ಲ."

ಅಣ್ಣ ಹೆಂಡತಿಯನ್ನು ನೋಡಿದ, ಮರಿಗಳನ್ನು ನೋಡಿದ. ಕೊನೆಗೆ ತಂಗಿಯತ್ತ ತಿರುಗಿ, "ಹಾಗಾದ್ರೆ ಪುಡಿಯಿಂದಲೇ ಅಂತೀಯಾ?" ಎಂದ.

ಹೌದು ಎಂದರೆ ಮುಗಿಯುತ್ತಿತ್ತು.

"ಒಂದೇ ತಾಯಿ ನೋಡಿ ಹೇಳೋಕಾಗಲ್ಲ ಅಣ್ಣ. ಇನ್ನೊಂದು ಸೂಲು ನೋಡ್ಬೇಕು."

ಅಣ್ಣ ಹಗ್ಗವನ್ನು ಕಂಬಿಗೆ ನೇತುಹಾಕಿ, ಒಳಕ್ಕೆ ಕಾಲಿಟ್ಟ. ಜಗಳಗಂಟಿ ಗುರುಗುಟ್ಟಿತು.

"ಕಚ್ಚುತ್ತೆ ರೀ!"

"ಕಚ್ಚಲಿ. ನೀನು ಬಿಸಿನೀರು ತಾ."

ಕುಕ್ಕರಗಾಲಲ್ಲಿ ಕೂತು, ತೀರ ಸಣ್ಣ ಮರಿಯೊಂದನ್ನು ಎತ್ತಿಕೊಂಡು, ತನ್ನ ಅಂಗಿಯ ತುದಿಯಿಂದ ಅದರ ಹಿಂಭಾಗ ಒರೆಸತೊಡಗಿದ. ಬಾಗಿಲಲ್ಲಿ ಲಾರಿಯವನ ನೆರಳು ಬಿತ್ತು.

"ಹತ್ತಿಸೋಣ್ವಾ ಯಜಮಾನ್ರೇ?"

"ಏಯ್, ಅಲ್ಲೇ ನಿಲ್ಲು," ಅಣ್ಣ ತಿರುಗದೆಯೇ ಕೂಗಿದ. "ಔಷಧಿ ನೀರಲ್ಲಿ ಕಾಲು ಅದ್ದದೆ ಒಳಗೆ ಬರಬೇಡ. ಮರಿಗಳಿವೆ."

ಲಾರಿಯವನು ಹೊಸ್ತಿಲ ಬಳಿಯ ತಟ್ಟೆಯ ಬೆಳ್ಳನೆಯ ನೀರನ್ನೂ ತನ್ನ ಬೂಟುಗಳನ್ನೂ ನೋಡುತ್ತ, ಒಂದು ಕಾಲನ್ನು ಮೇಲೆತ್ತಿಕೊಂಡು ನಿಂತ.