ಬಲಗಡೆಯ ಹಿಡಿಕೆ

"ಅದನ್ನ ಹೊರಗಿಟ್ಟು ಒಳಗೆ ಬಾ," ಎಂದಳು ತಾಯಿ. ಬಾಗಿಲಿಗೆ ಅಡ್ಡ ನಿಂತಿದ್ದಳು. ನೆಲದ ಮೇಲಿನ ರಕ್ತ ಒರೆಸಿದ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು.

ಮಗನ ಹೆಗಲ ಮೇಲೆ ಹಳದಿ ಪಟ್ಟಿಯ ಸುರುಳಿಯಿತ್ತು. ಲಾರಿಯ ಮೇಲೆ ಸರಕು ಅಲುಗದ ಹಾಗೆ ಬಿಗಿಯುತ್ತಾರಲ್ಲ, ಆ ಪಟ್ಟಿ. ಅದರ ತುದಿಯ ಕಬ್ಬಿಣದ ಕೊಕ್ಕೆ ಅವನ ಎದೆಯ ಮೇಲೆ ತೂಗಾಡುತ್ತಿತ್ತು.

"ಅಮ್ಮ, ಕೂಗಾಡಬೇಡ. ಸೊಂಟದ ಹತ್ರ ಒಂದೇ ಸುತ್ತು. ಒಳಗಡೆ ಮೆತ್ತನೆ ಬಟ್ಟೆ ಇಟ್ಟು ಕಟ್ತೀನಿ, ನೋವಾಗಲ್ಲ."

"ನಿಮ್ಮಪ್ಪ ಏನು ಗೋಣಿಚೀಲಾನಾ?"

"ಇನ್ನೊಂದ್ಸಲ ಬಿದ್ರೆ ಸೊಂಟದ ಮೂಳೆ ಉಳಿಯಲ್ಲ, ಆಮೇಲೆ ಏಳೋ ಮಾತೇ ಇಲ್ಲ ಅಂತ ಡಾಕ್ಟ್ರು ಹೇಳಿದ್ದು ನೀನೂ ಕೇಳಿದೀಯ."

"ಕೇಳಿದೀನಿ. ಕಟ್ಟಿಹಾಕಿ ಅಂತ ಅವರು ಅಂದಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ."

ಡಾಕ್ಟರು ಹಾಗೆ ಅಂದಿರಲೂ ಇಲ್ಲ. ಅದು ಮಗನ ಸ್ವಂತ ತಲೆಯಿಂದ ಬಂದದ್ದು. ಅವನು ಕೆಟ್ಟವನಲ್ಲ. ಬೀದಿಯ ತಿರುವಿನಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ಶೆಡ್ಡು ಇಟ್ಟುಕೊಂಡಿದ್ದ. ಯಾವ ಕಷ್ಟ ಬಂದರೂ ಅವನಿಗೆ ಮೊದಲು ಹೊಳೆಯುವುದು ಕಬ್ಬಿಣವೇ. ಅಪ್ಪನಿಗೆ ಮರೆವು ಹೆಚ್ಚಾಗಿ, ಮಂಚದಿಂದ ಬೀಳಲು ಶುರುವಾದಾಗ, ಊಟ ನಿದ್ದೆ ಬಿಟ್ಟು ಮಂಚದ ಸುತ್ತ ಕಬ್ಬಿಣದ ಸರಳಿನ ಕಟಾಂಜನ ಕಟ್ಟಿಕೊಟ್ಟಿದ್ದ. ಸುಮ್ಮನೆ ಸರಳು ನಿಲ್ಲಿಸಿದ್ದರೆ ಆಗುತ್ತಿತ್ತು. ಅದಕ್ಕೆ ಹೂಬಳ್ಳಿ ಬೇರೆ ಬಿಡಿಸಿ, ಹಸಿರು ಬಣ್ಣ ಬಳಿದಿದ್ದ. ಮಾವನ ಮಂಚಕ್ಕೂ ಬಾಲ್ಕನಿ ಬಂತು ಎಂದು ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು.

ಇವತ್ತು ಬೆಳಿಗ್ಗೆ ಮುದುಕ ಆ ಹೂಬಳ್ಳಿಗೇ ಕಾಲಿಟ್ಟು ಹತ್ತಿ ಆಚೆ ಬಿದ್ದಿದ್ದ. ಅಷ್ಟು ದಿನ ಮಂಚದ ಎತ್ತರದಿಂದ ಬೀಳುತ್ತಿದ್ದವನು ಈಗ ಮಗನ ಕೈಕೆಲಸದ ಎತ್ತರದಿಂದ ಬಿದ್ದ. ಹುಬ್ಬು ಸೀಳಿತ್ತು. ಮೂಳೆ ಉಳಿದದ್ದು ಪುಣ್ಯ.

ಈಗ ಹುಬ್ಬಿಗೆ ಬ್ಯಾಂಡೇಜು ಹಾಕಿಸಿಕೊಂಡು, ಏನೂ ಆಗದವನಂತೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಮಗ ಕಟಾಂಜನವನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ. ಮಂಚದ ಎಡಗಡೆ ಗೋಡೆ, ಬಲಗಡೆ ಬಯಲು. ಅಲ್ಲಿ ತಾಯಿ ಮನೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ತಂದು ನೆಲಕ್ಕೆ ಹಾಸಿದ್ದಳು.

"ನೀನು ಎಷ್ಟು ದಿನ ಅಂತ ಕಾಯ್ತೀಯ?" ಮಗ ಪಟ್ಟಿಯನ್ನು ಹೊಸ್ತಿಲಾಚೆ ಎಸೆದು ಒಳಗೆ ಬಂದ. "ನಿನಗೇನು ಇಪ್ಪತ್ತು ವರ್ಷಾನಾ? ಅವರ ಜೊತೆ ನೀನೂ ಬೀಳ್ತೀಯ."

"ಬಿದ್ರೆ ಏಳ್ತೀನಿ. ಹೋಗಿ ಟೀ ಕುಡಿ. ನಿನ್ನ ಹೆಂಡ್ತಿ ಮಾಡಿಟ್ಟಿದಾಳೆ."

ಅವನು ಹಣೆ ಚಚ್ಚಿಕೊಂಡು ಅಡುಗೆಮನೆಗೆ ಹೋದ. ಅವಳು ಸ್ಟೂಲು ಎಳೆದು ಮಂಚದ ಕಾಲ ಕಡೆಗೆ ಕುಳಿತಳು. ಕಟ್ಟುವುದಂತೆ! ಈ ದೇಹ ಜೀವಮಾನವೆಲ್ಲ ಲಾರಿ ಓಡಿಸಿದ್ದು. ಘಾಟಿಗಳಲ್ಲಿ, ಬಂದರುಗಳಲ್ಲಿ, ಬೇಕೆಂದಲ್ಲಿ ನಿಲ್ಲಿಸಿ, ಸಾಕೆಂದಾಗ ಇಳಿದದ್ದು. ಹೆಂಡತಿಯ ಹೆಸರು ಮರೆತಿದೆ, ಮಗನ ಮುಖ ಮರೆತಿದೆ. ಇನ್ನು ಉಳಿದದ್ದು ಎದ್ದು ನಡೆಯುವುದೊಂದು. ಅದನ್ನೂ ಕೊಕ್ಕೆ ಹಾಕಿ ಬಿಗಿದರೆ ಮಂಚದ ಮೇಲೆ ಉಳಿಯುವುದಾದರೂ ಯಾರು?

ಗೊರಕೆ ನಿಂತಿತು. ಮುದುಕ ಕಣ್ಣು ಬಿಟ್ಟು ಎದ್ದು ಕುಳಿತ. ಇಷ್ಟು ದಿನ ಅವಳು ಸದ್ದು ಕೇಳಿ ಎಲ್ಲಿಂದಲೋ ಓಡಿ ಬರುತ್ತಿದ್ದವಳು. ಅವನು ಬೀಳುವುದನ್ನು ಎದುರಿಗೆ ಕುಳಿತು ನೋಡಿದ್ದೇ ಇಲ್ಲ. ಈಗ ಕಣ್ಣಿಗೆ ಬಿತ್ತು. ಅವನ ಬಲಗೈ ಮೇಲೆದ್ದು, ಮೊಣಕಾಲಿನ ಆಚೆಗೆ ಗಾಳಿಯಲ್ಲಿ ಏನನ್ನೋ ಹುಡುಕಿತು. ಬೆರಳು ಮಡಚಿಕೊಂಡವು, ಏನೂ ಸಿಗಲಿಲ್ಲ. ಆದರೂ ಸಿಕ್ಕಿತೆಂಬಂತೆ ಅದರ ಮೇಲೆ ಭಾರ ಹಾಕಿ, ಗೋಡೆಗೆ ಮುಖ ತಿರುಗಿಸಿ, ಬೆನ್ನನ್ನು ಬಲಗಡೆಯ ಬಯಲಿಗೆ ಮಾಡಿ ಕಾಲು ಇಳಿಬಿಟ್ಟ.

ಅವಳು ಹಾರಿ ತಬ್ಬಿಕೊಂಡಳು. ಇಬ್ಬರೂ ಹಾಸಿಗೆಗಳ ಮೇಲೆ ಧೊಪ್ಪೆಂದು ಕುಳಿತರು.

ಸದ್ದಿಗೆ ಮಗ ಲೋಟದ ಸಮೇತ ಓಡಿ ಬಂದ. ನೋಡಿದರೆ ಅವನ ತಾಯಿ ನೆಲದ ಮೇಲೆ ಕುಳಿತು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಬೇರೆ.

"ಬೀಳ್ತಾ ಇಲ್ಲ ಕಣೋ ಇವರು! ಇಳೀತಾ ಇದಾರೆ!"

"ಏನಂದೆ?"

"ಗಾಡಿಯಿಂದ ಇಳೀತಾ ಇದಾರೆ. ಕೈ ಹಾಕೋ ಕಡೆ ಹಿಡಿಕೆ ಇಲ್ಲ, ಅದಕ್ಕೆ ಬೀಳೋದು."

ಮದುವೆಯಾದ ಹೊಸದರಲ್ಲಿ ಲಾರಿಯ ಸದ್ದು ಕೇಳಿ ಬಾಗಿಲಿಗೆ ಓಡಿದರೆ ಅವಳಿಗೆ ಮೊದಲು ಕಾಣುತ್ತಿದ್ದುದು ಗಂಡನ ಬೆನ್ನು. ವಾರಗಟ್ಟಲೆ ಕಾದವಳಿಗೆ ಮುಖ ತೋರಿಸಿಕೊಂಡು ಇಳಿಯಬಾರದೇ ಎಂದು ಒಮ್ಮೆ ಜಗಳವನ್ನೇ ಆಡಿದ್ದಳು. 'ಮುಂದೆ ಮುಖ ಮಾಡಿ ಧುಮುಕೋನು ಡ್ರೈವರ್ ಅಲ್ಲ ಕಣೇ, ಮೂಳೆ ಡಾಕ್ಟರ ಗಿರಾಕಿ' ಎಂದು ನಕ್ಕಿದ್ದ. ಕ್ಯಾಬಿನ್ನಿನ ಬಲಗಡೆಯ ಹಿಡಿಕೆಗೆ ಕೈ ಜಾರದಂತೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದ. ಅದೊಂದು ಬಿಟ್ಟು ಗಾಡಿಯಲ್ಲಿ ಏನನ್ನು ಬೇಕಾದರೂ ಮುಟ್ಟಲು ಕ್ಲೀನರಿಗೆ ಬಿಡುತ್ತಿದ್ದ.

"ನಿನ್ನ ಬಾಲ್ಕನಿ ಕತ್ತರಿಸು," ಎಂದಳು ಮಗನಿಗೆ. "ಉದ್ದದ್ದೊಂದು ಸರಳು ತಗೊಂಡು ಮಂಚಕ್ಕೆ ನೆಟ್ಟಗೆ ನಿಲ್ಸು. ಬಲಗಡೆ. ಇಲ್ಲಿ, ಮೊಣಕಾಲು ಬರೋ ಜಾಗಕ್ಕೆ. ಅದರ ಕೆಳಗೆ ಮೆಟ್ಟಿಲ ಹಾಗೆ ಒಂದು ಅಗಲದ ಹಲಗೆ. ಅಲುಗಾಡಿದ್ರೆ ನೋಡು ಮತ್ತೆ!"

"ಇಳಿದು ಎಲ್ಲಿಗೆ ಹೋಗ್ತಾರಮ್ಮ?"

"ಎಲ್ಲಿಗಾದ್ರೂ ಹೋಗ್ಲಿ. ತಮ್ಮ ಕಾಲ ಮೇಲೆ ಹೋಗ್ಲಿ. ಹಿಂದೆ ನಾನಿರ್ತೀನಿ."

"ಹಿಡಿಕೆ ಇದ್ದೂ ಬಿದ್ರೆ?"

ಗಂಡ ಅವಳ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಯಾರ ಮನೆಯ ಜಗಳವೋ ಎಂಬಂತೆ ಕೇಳುತ್ತ ಕುಳಿತಿದ್ದ.

"ಬಿದ್ರೆ ನಿನ್ನ ಪಟ್ಟಿ ನಾನೇ ಬಿಗೀತೀನಿ. ಆಯ್ತಾ? ಇವತ್ತೇ ನೋಡೋಣ. ಹೋಗು."

ಮಗ ಕಟಾಂಜನ ಹೊತ್ತುಕೊಂಡು ಶೆಡ್ಡಿಗೆ ಹೋದ. ಸಂಜೆಯ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಸರಳು ಮಂಚದ ಬಲಮಗ್ಗುಲಿಗೆ ಬೋಲ್ಟಿನ ಮೇಲೆ ಬಿಗಿಯಾಗಿ ನಿಂತಿತ್ತು, ಅದರ ಕೆಳಗೆ ಹಲಗೆಯೂ ಬಂದಿತ್ತು. ಎಷ್ಟೇ ಆಗಲಿ ಕೆಲಸಗಾರ, ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದ. ಅವಳು ಜೋತುಬಿದ್ದು ಎಳೆದು ನೋಡಿದಳು, ಅಲುಗಲಿಲ್ಲ. ಸೊಸೆ ಪಕ್ಕದ ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬು ತಂದುಕೊಟ್ಟಳು. ತಾಯಿ ಅದನ್ನು ಸೀಳಿ, ಸರಳಿಗೆ ಸುತ್ತಿನ ಮೇಲೆ ಸುತ್ತು ಹಾಕಿ, ಹಲ್ಲು ಕಚ್ಚಿ ಗಂಟು ಬಿಗಿದಳು.

ಆಮೇಲೆ ನೆಲದ ಹಾಸಿಗೆಗಳನ್ನು ಪಕ್ಕಕ್ಕೆ ಸರಿಸಿ, ಗಂಡನನ್ನು ಮಂಚದ ಮೇಲೆ ಕಾಲು ಚಾಚಿಸಿ ಕೂರಿಸಿ, "ರೀ, ಊರು ಬಂತು," ಎಂದಳು.

ಅವನು ಎದುರಿನ ಗೋಡೆಯನ್ನೇ ನೋಡಿದ. ಬಲಗೈ ಎದ್ದಿತು. ಸರಳಿನ ಬರಿಯ ಕಬ್ಬಿಣ ಮೊದಲು ತಗುಲಿತು. ಕೈ ಹಿಂದೆ ಸರಿಯಿತು. ಮಗ ಮುಂದಕ್ಕೆ ಹೆಜ್ಜೆ ಇಟ್ಟ. ಅವಳು ತಿರುಗಿಯೂ ನೋಡದೆ ಕೈಯೊಡ್ಡಿ ಅವನನ್ನು ತಡೆದಳು.

ಕೈ ಮತ್ತೆ ಹೋಯಿತು, ಈ ಸಲ ಸ್ವಲ್ಪ ಮೇಲಕ್ಕೆ. ರಬ್ಬರು ಸಿಕ್ಕಿತು. ಬೆರಳುಗಳು ಒಂದೊಂದಾಗಿ ಅದನ್ನು ಸುತ್ತಿಕೊಂಡವು. ಮುದುಕ ಮುಖ ತಿರುಗಿಸಿದ, ಬೆನ್ನು ಇತ್ತ ಬಂತು, ಎಡಗಾಲು ಕೆಳಗಿಳಿದು ತಡಕಾಡಿ ಹಲಗೆಯನ್ನು ಕಂಡುಕೊಂಡಿತು, ಅದರ ಹಿಂದೆ ಬಲಗಾಲು. ನೆಲ. ನಿಂತ. ನಿಂತು, ನಡು ನೀವಿಕೊಂಡು, ಈಗ ತಾನೆ ಎಲ್ಲಿಂದಲೋ ಬಂದವನ ಹಾಗೆ ಮೈ ಮುರಿದ.

ಮಂಚದ ಕಾಲಿನ ಬಳಿಗೆ ಹೋಗಿ ಟೈರಿನ ಗಾಳಿ ನೋಡುವ ಹಾಗೆ ಬರಿಗಾಲಿನಿಂದ ಅದನ್ನು ಒಮ್ಮೆ ಒದ್ದ. ಮಗನ ಕಡೆ ನೋಡಿ, ಕ್ಲೀನರನ್ನು ಗದರುವ ಹಾಗೆ ಗದರಿದ: "ಏಯ್, ಇಳಿಜಾರು ಕಾಣಲ್ವೇನೋ? ಗಾಲಿಗೆ ಕಲ್ಲು ಕೊಟ್ಯಾ?"

ಮಗ ತಾಯಿಯ ಕಡೆ ತಿರುಗಿದ. ತಾಯಿ ಅವನನ್ನೇ ನೋಡುತ್ತಿದ್ದಳು.

"ಈಗ ಕೊಡ್ತೀನಿ," ಎಂದ.

ಸುತ್ತ ಕಣ್ಣಾಡಿಸಿದ. ಮನೆಯೊಳಗೆ ಕಲ್ಲೆಲ್ಲಿಂದ ಬರಬೇಕು? ಹೊಸ್ತಿಲು ದಾಟಿ ಹೋಗಿ ಹಳದಿ ಪಟ್ಟಿಯ ಸುರುಳಿಯನ್ನು ಎತ್ತಿಕೊಂಡು ಬಂದು, ಅದರ ಕೊಕ್ಕೆಯನ್ನು ಒಳಗೆ ಮಡಚಿ, ಮೊಣಕಾಲೂರಿ, ಮಂಚದ ಕಾಲಿಗೆ ಒತ್ತಿಟ್ಟ.

ಮುದುಕ ಅದನ್ನು ಕಾಲ್ಬೆರಳಿನಿಂದ ತಳ್ಳಿ ನೋಡಿ, "ಹ್ಞೂಂ" ಎಂದು ಗೋಡೆ ಹಿಡಿದು ಅಡುಗೆಮನೆಯ ಕಡೆ ಹೊರಟ. ಅವಳು ಅವನನ್ನು ಮುಟ್ಟದೆ, ಒಂದು ಹೆಜ್ಜೆ ಹಿಂದೆ, ಆ ಬೆನ್ನನ್ನೇ ನೋಡುತ್ತ ನಡೆದಳು.